ತುರ್ತು ವಿಭಾಗದ ದಟ್ಟಣೆಗೆ ಹಾಸಿಗೆಗಳೇ ಪರಿಹಾರವೇ?

ಪ್ರಶ್ನೆ: ಮೊದಲು ಬಂದವರನ್ನು ಕೂರಿಸಿ ಆಮೇಲೆ ಬಂದವರಿಗೆ ಚಿಕಿತ್ಸೆ ನೀಡುವುದು ಅನ್ಯಾಯವಲ್ಲವೇ?

ಉತ್ತರ: ಅಲ್ಲ, ತುರ್ತು ವಿಭಾಗದಲ್ಲಿ ಸರದಿಯನ್ನು ನಿರ್ಧರಿಸುವುದು ಜೀವಾಪಾಯದ ಮಟ್ಟವೇ ಹೊರತು ಚೀಟಿಯ ಸಂಖ್ಯೆಯಲ್ಲ.

ಪ್ರಶ್ನೆ: ನಮ್ಮ ಟ್ರಸ್ಟ್ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಸದಾ ದಟ್ಟಣೆ. ಇನ್ನೂ ಹತ್ತು ಹಾಸಿಗೆ ಸೇರಿಸಲು ನಕ್ಷೆ ಹೇಗಿರಬೇಕು?

ಉತ್ತರ: ಪ್ರತಿ ತಿಂಗಳೂ ಬರುವ ಈ ಪ್ರಶ್ನೆ ಪ್ರತಿ ಬಾರಿಯೂ ಕಟ್ಟಡದಿಂದಲೇ ಆರಂಭವಾಗುವುದು ನನಗೆ ಬೇಸರ ತರುತ್ತದೆ. ನಕ್ಷೆಗೆ ಮುಂಚೆ ಒಂದು ವಾರ ಎರಡೇ ಸಮಯಗಳನ್ನು ಬರೆದಿಡಿ: ರೋಗಿಯನ್ನು ದಾಖಲಿಸಲು ವೈದ್ಯರು ನಿರ್ಧರಿಸಿದ ಹೊತ್ತು ಮತ್ತು ಆತ ವಾರ್ಡಿಗೆ ಹೋದ ಹೊತ್ತು. ಇವುಗಳ ನಡುವೆ ಗಂಟೆಗಟ್ಟಲೆ ಅಂತರವಿದ್ದರೆ, ನಿಮ್ಮಲ್ಲಿ ಕಟ್ಟಿಕೊಂಡಿರುವುದು ರೋಗಿಗಳು ಒಳಬರುವ ದಾರಿಯಲ್ಲ, ಹೊರಹೋಗುವ ದಾರಿ. ವಾರ್ಡಿನ ರೌಂಡ್ಸ್ ತಡವಾಗಿ, ಡಿಸ್ಚಾರ್ಜ್ ಸಾರಾಂಶ, ಔಷಧದ ಲೆಕ್ಕ, ವಿಮಾ ಕಂಪನಿಯ ಒಪ್ಪಿಗೆ ಒಂದಾದ ಮೇಲೊಂದು ಬಂದು ಸಂಜೆಗೆ ಹಾಸಿಗೆ ಖಾಲಿಯಾಗುವ ತನಕ ಬೆಳಗ್ಗೆ ದಾಖಲಾದವರು ತುರ್ತು ವಿಭಾಗದಲ್ಲೇ ಮಲಗಿರುತ್ತಾರೆ. ಹೊಸ ಹತ್ತು ಹಾಸಿಗೆಗಳನ್ನೂ ಅವರೇ ತುಂಬುತ್ತಾರೆ. ಮನೆಗೆ ಹೋಗುವವರ ಕಾಗದಪತ್ರಗಳನ್ನು ಹಿಂದಿನ ಸಂಜೆಯೇ ಸಿದ್ಧಪಡಿಸಿ, ಹಾಸಿಗೆ ಹಂಚುವ ಅಧಿಕಾರವನ್ನು ಒಬ್ಬರಿಗೇ ಕೊಡಿ.

ಇಷ್ಟಾದ ಮೇಲೆ ನಕ್ಷೆ. ನೋಂದಣಿ ಕೌಂಟರಿಗಿಂತ ಮೊದಲು, ಬಾಗಿಲ ಬಳಿಯೇ, ಟ್ರಯಾಜ್ (ಅಪಾಯದ ಮಟ್ಟ ನೋಡಿ ರೋಗಿಗಳನ್ನು ವಿಂಗಡಿಸುವುದು) ಮಾಡುವ ಅನುಭವಿ ದಾದಿ ಇರಬೇಕು. ದೆಹಲಿಯ ಏಮ್ಸ್ ರೂಪಿಸಿದ ಕೆಂಪು (ಜೀವಾಪಾಯ), ಹಳದಿ (ಗಂಭೀರ, ಆದರೆ ಸ್ಥಿರ), ಹಸಿರು (ಸಣ್ಣ ತೊಂದರೆ) ವಿಂಗಡಣೆ ನಿಮ್ಮಂಥ ಆಸ್ಪತ್ರೆಗೆ ಸಾಕು. ಎದೆನೋವಿನವರಿಗೆ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕಾದ್ದರಿಂದ ಯಂತ್ರವೂ ಅಲ್ಲೇ ಇರಲಿ. ಕೆಂಪು ವಲಯವು ಆಂಬುಲೆನ್ಸ್ ಬಾಗಿಲಿಗೆ ನೇರವಾಗಿದ್ದು, ದಾದಿಯರು ಕುಳಿತಲ್ಲಿಂದಲೇ ಕಾಣಬೇಕು. ಸಿಟಿ ಸ್ಕ್ಯಾನ್ ಅದೇ ಮಹಡಿಯಲ್ಲಿರಬೇಕು. ಹಸಿರು ವಲಯದ ಬಹುಪಾಲು ರೋಗಿಗಳಿಗೆ ಕುರ್ಚಿ ಮತ್ತು ಪ್ರತ್ಯೇಕ ವೈದ್ಯರಿದ್ದರೆ ಸಾಕು, ಹಾಸಿಗೆ ಬೇಕಿಲ್ಲ. ಅಪಘಾತದ ಗಾಯಾಳುವನ್ನು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣದ ವೈದ್ಯಕೀಯ ದಾಖಲೆ) ಬರೆಯುವವರೆಗೆ ಕಾಯಿಸುವ ಅಭ್ಯಾಸವನ್ನಂತೂ ನಾನು ಕ್ಷಮಿಸಲಾರೆ: ಕಾನೂನಿನ ವಿಧಿವಿಧಾನಗಳಿಗಾಗಿ ಜೀವರಕ್ಷಕ ಚಿಕಿತ್ಸೆ ತಡವಾಗಬಾರದೆಂದು ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಗೋಡೆ ಕಟ್ಟುವ ಮೊದಲು ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಸ್ಟ್ರೆಚರ್ ಮೇಲೆ ಒಬ್ಬರನ್ನು ಮಲಗಿಸಿ, ಬಾಗಿಲಿನಿಂದ ಸಿಟಿ ಕೊಠಡಿಯವರೆಗೆ ತಳ್ಳಿ ನೋಡಿ. ಇದನ್ನು ಮಾಡದ ಯಾವ ನಕ್ಷೆಗೂ ನಾನು ಒಪ್ಪಿಗೆ ಕೊಡುವುದಿಲ್ಲ.

ಪ್ರಶ್ನೆ: ಆಂಬುಲೆನ್ಸ್ ಬಾಗಿಲನ್ನು ಈಶಾನ್ಯಕ್ಕೆ ತಿರುಗಿಸಿದರೆ ಸಾವು ಕಡಿಮೆಯಾಗುತ್ತದೆಂದು ವಾಸ್ತು ಸಲಹೆಗಾರರು ಹೇಳಿದ್ದಾರೆ. ಹೌದೇ?

ಉತ್ತರ: ಇಲ್ಲ. ಬಾಗಿಲು ರಸ್ತೆಗೆ ಹತ್ತಿರವಿರಲಿ. ಅವರಿಗೆ ಕೊಡುವ ಹಣದಲ್ಲಿ ಟ್ರಯಾಜ್ ದಾದಿಗೆ ತರಬೇತಿ ಕೊಡಿಸಿ.