ಗೌರಿಹೂ ಬಳ್ಳಿ ಒಣಗಿದರೆ ಕುಂಡ ಎಸೆಯಬೇಡಿ
ಹುಬ್ಬಳ್ಳಿಯ ನಿಮ್ಮ ಮನೆಯ ಕುಂಡದಲ್ಲಿ ಗೌರಿಹೂ (ಅಗ್ನಿಶಿಖೆ) ಬಳ್ಳಿ ಒಣಗಿದೆ, ಸತ್ತಿತಾ ಅಂತ ಕೇಳಿದ್ದೀರಿ. ಬಳ್ಳಿ ಬಹುಶಃ ಸತ್ತಿಲ್ಲ, ನಿದ್ದೆಗೆ ಹೋಗಿದೆ. ಮಳೆಗಾಲದಲ್ಲಿ ಹೂ ಬಿಟ್ಟು, ಚಳಿ ಶುರುವಾಗುವ ಹೊತ್ತಿಗೆ ಒಣಗೋದು ಗೌರಿಹೂವಿನ ಸ್ವಭಾವ. ಬೇಲಿ ಮೇಲೆ ತಾನಾಗೇ ಹಬ್ಬುವ ನಮ್ಮ ನಾಡಿನ ಗಿಡ ಅಲ್ವಾ, ಬೇಸಿಗೆಯನ್ನು ನೆಲದೊಳಗೇ ಗೆಡ್ಡೆಯಾಗಿ ಕಳೆಯುತ್ತದೆ. ಒಣಗಿದ ಮೇಲೂ ದಿನಾ ನೀರು ಹಾಕ್ತಿದ್ದೀನಿ ಅಂದಿದ್ದೀರಿ, ನನಗೆ ಅದೇ ಭಯ, ಗೆಡ್ಡೆ ಕೊಳೆಯಬಹುದು. ಇವತ್ತೇ ನಿಲ್ಲಿಸಿ.

ವಾರ ಬಿಟ್ಟು ಮಣ್ಣನ್ನು ಮೆಲ್ಲಗೆ ಕೆದಕಿ. ಕವಲೊಡೆದ ಗೆಡ್ಡೆ ಗಟ್ಟಿಯಾಗಿದ್ದರೆ ಜೀವ ಇದೆ. ಮೆತ್ತಗಾಗಿ ವಾಸನೆ ಬಂದರೆ ಕೊಳೆತಿದೆ. ತುದಿ ಮುರಿಯಬೇಡಿ, ಮೊಳಕೆ ಬರೋದು ಅಲ್ಲಿಂದಲೇ. ಹುಬ್ಬಳ್ಳಿಯ ಬರೀ ಎರೆಮಣ್ಣು ಬೇಡ. ಅರ್ಧದಷ್ಟು ಮರಳು ಬೆರೆಸಿ, ಗೆಡ್ಡೆಯನ್ನು ಎರಡು ಇಂಚು ಆಳದಲ್ಲಿ ಅಡ್ಡ ಮಲಗಿಸಿ. ಮೇ ತಿಂಗಳ ಅಡ್ಡಮಳೆ ಬಂದ ಮೇಲೆ ನೀರು ಕೊಡಿ. ಗೆಡ್ಡೆ ವಿಷ: ಕೈ ತೊಳೆಯಿರಿ, ಮಕ್ಕಳಿಂದ ದೂರ ಇಡಿ.