ಮೇಯರ್ ಆಗುವುದೆಂದರೆ ಗೋಲು ಹೊಡೆಯುವುದಲ್ಲ

ಬೊನಾವೆಂಚರ್ ಕಾಲೂ ಕುರಿತು ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಐವರಿ ಕೋಸ್ಟಿನ ಫುಟ್‌ಬಾಲ್ ಆಟಗಾರನೊಬ್ಬ ಆಟ ಬಿಟ್ಟ ಮೇಲೆ ವಾವುವಾ ಎಂಬ ಒಳನಾಡಿನ ಪಟ್ಟಣಕ್ಕೆ ಮೇಯರ್ ಆದದ್ದನ್ನು ಕನ್ನಡದಲ್ಲಿ ಬರೆಯಬೇಕೆಂದು ನಿಮಗೆ ಅನ್ನಿಸಿದ್ದೇ ಸಂತೋಷ. ಭಾಷೆ ಸಲೀಸಾಗಿದೆ, ಕಾಗುಣಿತ ಚೊಕ್ಕವಾಗಿದೆ. ಆದರೆ ಎಂಟನೇ ಪುಟಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು. ಯಾಕೆ ಅಂತ ಹೇಳದೆ ಬರೀ ಅಸ್ವೀಕೃತಿಯ ಚೀಟಿ ಕಳಿಸಿದರೆ ನಿಮ್ಮ ಶ್ರಮಕ್ಕೆ ಅನ್ಯಾಯ ಮಾಡಿದ ಹಾಗಾಗುತ್ತದೆ.

ಆ ಪುಟದ ಸಾಲು ಹೀಗಿದೆ: 'ಮ್ಯೂನಿಕ್‌ನಲ್ಲಿ ಚೆಲ್ಸೀ ಪರವಾಗಿ ಚಾಂಪಿಯನ್ಸ್ ಲೀಗ್ ಕಪ್ ಎತ್ತಿದ ಕಾಲೂ, ಆರೇ ವರ್ಷಗಳಲ್ಲಿ ಮೇಯರ್ ಕುರ್ಚಿ ಏರಿದರು.' 2012ರ ಮೇ 19ರಂದು, ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯ ಆ ಕಪ್ಪನ್ನು ಇಂಗ್ಲೆಂಡಿನ ಚೆಲ್ಸೀ ಪರ ಎತ್ತಿದ್ದು ಸಲೊಮನ್ ಕಾಲೂ. ಬೊನಾವೆಂಚರ್‌ನ ತಮ್ಮ, ಏಳು ವರ್ಷ ಕಿರಿಯ. ಮೇಯರ್ ಆದವನು ಅಣ್ಣ.

ಈ ತಪ್ಪು ಎಲ್ಲಿ ಹುಟ್ಟಿತು ಅಂತಲೂ ಊಹಿಸಬಲ್ಲೆ. ಅಣ್ಣತಮ್ಮ ಇಬ್ಬರೂ ಊಮೆ ಪಟ್ಟಣದಲ್ಲಿ ಹುಟ್ಟಿದವರು. ಇಬ್ಬರೂ ಅಬಿಜಾನ್‌ನ ಆಸೆಕ್ ಮಿಮೋಸಾ ಕ್ಲಬ್‌ನಿಂದ ಹಾಲೆಂಡಿನ ಫೆಯೆನೂರ್ಡ್‌ಗೆ ಹೋದವರು. 2003ರಲ್ಲಿ ಅಣ್ಣ ಅಲ್ಲಿಂದ ಫ್ರಾನ್ಸಿನ ಒಸೇರ್‌ಗೆ ಹೊರಟ ವರ್ಷವೇ ತಮ್ಮ ಅಲ್ಲಿಗೆ ಬಂದ. ಸಾಲದ್ದಕ್ಕೆ ಇಬ್ಬರ ಬದುಕಿನ ದೊಡ್ಡ ಪಂದ್ಯಗಳೂ ಮ್ಯೂನಿಕ್‌ನ ಒಂದೇ ಕ್ರೀಡಾಂಗಣದಲ್ಲಿ ನಡೆದವು. 2006ರ ಜೂನ್ 21ರಂದು, ವಿಶ್ವಕಪ್‌ನಲ್ಲಿ ಸರ್ಬಿಯಾ ಮತ್ತು ಮಾಂಟೆನೆಗ್ರೊ ವಿರುದ್ಧ 0-2 ಹಿಂದಿದ್ದ ಐವರಿ ಕೋಸ್ಟ್ 3-2ರಿಂದ ಗೆದ್ದದ್ದು ಅಲ್ಲೇ. 86ನೇ ನಿಮಿಷದ ಪೆನಾಲ್ಟಿಯನ್ನು ಗೋಲಾಗಿಸಿದವನು ಬೊನಾವೆಂಚರ್.

ಅದೇ ಗೋಲಿಗೆ ನೀವು 'ತಂಡದ ಹಣೆಬರಹ ಬದಲಿಸಿದ ಒದೆತ' ಅಂತ ಬರೆದಿದ್ದೀರಿ. ಅರ್ಜೆಂಟೀನಾಕ್ಕೂ ಹಾಲೆಂಡಿಗೂ 2-1ರಿಂದ ಸೋತಿದ್ದ ತಂಡ ಆ ಪಂದ್ಯಕ್ಕೆ ಮೊದಲೇ ಹೊರಬಿದ್ದಿತ್ತು, ಎದುರಾಳಿಯೂ ಹೊರಬಿದ್ದಿತ್ತು. ಎರಡು ಹಳದಿ ಕಾರ್ಡು ತಿಂದಿದ್ದ ತಂಡದ ಮುಖ್ಯ ಗೋಲುಗಾರ ದ್ರೋಗ್ಬಾ ಆ ದಿನ ಆಡುವ ಹಾಗಿರಲಿಲ್ಲ. ಹಣೆಬರಹ ಏನೂ ಬದಲಾಗಲಿಲ್ಲ. ಅದು ಆ ದೇಶಕ್ಕೆ ವಿಶ್ವಕಪ್‌ನಲ್ಲಿ ಸಿಕ್ಕ ಮೊದಲ ಗೆಲುವು, ಅಷ್ಟನ್ನೇ ಬರೆಯಿರಿ. ಮುಂದಿನ ಸುತ್ತಿನ ಆಸೆಯೇ ಇಲ್ಲದ ಪಂದ್ಯದಲ್ಲಿ ಎರಡು ಗೋಲಿನ ಸಾಲ ತೀರಿಸಿ ಗೆದ್ದರು ಎಂಬುದು ನಿಮ್ಮ ಸಾಲಿಗಿಂತ ದೊಡ್ಡ ಸಂಗತಿ.

ಹೆಸರು ಕಲಸಿಹೋಗುವ ಕಡೆ ಮಾಡಬೇಕಾದ್ದು ಇಷ್ಟು. ಒಂದು ಹಾಳೆಯಲ್ಲಿ ಎರಡು ಅಂಕಣ ಎಳೆಯಿರಿ, ಒಂದು ಅಣ್ಣನಿಗೆ, ಒಂದು ತಮ್ಮನಿಗೆ. ಲೇಖನದ ಪ್ರತಿ ಪಂದ್ಯವನ್ನೂ ತಾರೀಕು, ಎದುರಾಳಿ, ಕ್ಲಬ್ ಸಮೇತ ಯಾವುದಾದರೂ ಒಂದು ಅಂಕಣಕ್ಕೆ ಇಳಿಸಿ. ಎರಡರಲ್ಲೂ ಕೂರದ ಸಾಲಿನಲ್ಲೇ ತಪ್ಪಿದೆ ಅಂತ ತಿಳಿಯಿರಿ. ಹೀಗೆ ಮಾಡಿದ್ದರೆ ಕೈತಪ್ಪಿದ್ದೂ ಸಿಗುತ್ತಿತ್ತು. 2002ರಲ್ಲಿ ಜರ್ಮನಿಯ ಡಾರ್ಟ್‌ಮಂಡ್ ವಿರುದ್ಧ ಫೆಯೆನೂರ್ಡ್ 3-2ರಿಂದ ಗೆದ್ದ, ಯುರೋಪಿನ ಕ್ಲಬ್‌ಗಳ ಇನ್ನೊಂದು ಟೂರ್ನಿಯಾದ ಯುಇಎಫ್‌ಎ ಕಪ್ ಫೈನಲ್‌ನಲ್ಲಿ ಅಣ್ಣ ಇದ್ದ. 2005ರ ಫ್ರೆಂಚ್ ಕಪ್ ಫೈನಲ್‌ನಲ್ಲಿ ಒಸೇರ್ ಪರ ಸೆದಾನ್ ವಿರುದ್ಧ ಕೊನೇ ಗಳಿಗೆಯ ಗೆಲುವಿನ ಗೋಲು ಅವನದು. ಮರುವರ್ಷದ ಫೈನಲ್‌ನಲ್ಲಿ ಪ್ಯಾರಿಸ್‌ನ ಕ್ಲಬ್ ಪಿಎಸ್‌ಜಿ ಪರ ಮಾರ್ಸೇ ವಿರುದ್ಧ ಮೊದಲ ಗೋಲೂ ಅವನದೇ. ಎರಡು ವರ್ಷ, ಎರಡು ಕ್ಲಬ್, ಎರಡು ಫೈನಲ್, ಎರಡರಲ್ಲೂ ಗೋಲು! ಇದು ನಿಮ್ಮ ಹದಿನಾಲ್ಕು ಪುಟಗಳಲ್ಲಿ ಎಲ್ಲೂ ಇಲ್ಲ. ತಮ್ಮನ ಪದಕ ತಂದು ಅಣ್ಣನ ಕೊರಳಿಗೆ ಹಾಕುವ ಅಗತ್ಯವೇ ಇರಲಿಲ್ಲ.

ಇನ್ನು ಹನ್ನೊಂದನೇ ಪುಟ. ಸಿಟ್ಟಿಗೆ ಅಸಲಿ ಕಾರಣ ಇರುವುದು ಅಲ್ಲಿ.

'ರಾಜಕೀಯದ ಅಂಗಳದಲ್ಲಿ ಮೊದಲ ಒದೆತಕ್ಕೇ ಗೋಲು ಬಾರಿಸಿದರು.' 'ಎದುರಾಳಿಗಳ ರಕ್ಷಣಾ ಗೋಡೆ ಛಿದ್ರವಾಯಿತು.' 'ಮತದಾರನೆಂಬ ರೆಫರಿ ಸೀಟಿ ಊದಿದ.' ಇಂಥವು ಒಂದೇ ಪುಟದಲ್ಲಿ ಒಂಬತ್ತು. ನಾನು ಪತ್ರಿಕೆಯ ಡೆಸ್ಕ್‌ನಲ್ಲಿ ಕೆಲಸ ಕಲಿಯುವಾಗ ಚುನಾವಣೆಯ ಕರಡಿನಲ್ಲಿ ಆಟದ ಮಾತು ಕಂಡರೆ ಹಿರಿಯರು ಅದಕ್ಕೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ ಹಿಂದಕ್ಕೆ ಕೊಡುತ್ತಿದ್ದರು. ಆ ಮಾತು ತೆಗೆದು ಅದೇ ಜಾಗದಲ್ಲಿ ನಡೆದದ್ದನ್ನು ಬರೆಯಬೇಕು, ಬರೆಯಲಾಗದಿದ್ದರೆ ಸಾಲನ್ನೇ ಹೊಡೆದುಹಾಕಬೇಕು. ನಿಮ್ಮ ಒಂಬತ್ತಕ್ಕೂ ಸುತ್ತು ಹಾಕಿ ಕಳಿಸಿದ್ದೇನೆ.

ಮೊದಲನೆಯದನ್ನೇ ತೆಗೆದುಕೊಳ್ಳಿ. ಐವರಿ ಕೋಸ್ಟಿನಲ್ಲಿ ಯಾರೂ ಒಬ್ಬನೇ ನಿಂತು ಮೇಯರ್ ಆಗುವುದಿಲ್ಲ. ಮತ ಬೀಳುವುದು ಪಟ್ಟಿಗೆ. ಪುರಸಭೆಯ ಸದಸ್ಯರಾಗಬೇಕಾದವರೆಲ್ಲರ ಹೆಸರು ಅದರಲ್ಲಿರುತ್ತದೆ. ಗೆದ್ದು ಬಂದ ಸದಸ್ಯರು ಸೇರಿ ತಮ್ಮೊಳಗಿಂದ ಮೇಯರ್‌ನನ್ನು ಆರಿಸುತ್ತಾರೆ, ಸಾಮಾನ್ಯವಾಗಿ ಪಟ್ಟಿಯ ಮೊದಲ ಹೆಸರಿನವರನ್ನು. ಅವಧಿ ಐದು ವರ್ಷ. ಮೇಯರ್ ಅಂದರೆ ವರ್ಷಕ್ಕೊಬ್ಬರು ಎಂದು ನೋಡಿ ಅಭ್ಯಾಸವಾದ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಲೇಬೇಕು. ಹಾಗಾದರೆ 2018ರ ಅಕ್ಟೋಬರ್ 13ರ ಚುನಾವಣೆಯಲ್ಲಿ ಕಾಲೂ ಜೊತೆ ಪಟ್ಟಿಯಲ್ಲಿ ಯಾರಿದ್ದರು? ಕೋಕೊ ವ್ಯಾಪಾರಿಗಳೋ, ಮೇಷ್ಟ್ರುಗಳೋ, ಮಾರುಕಟ್ಟೆಯ ಹೆಂಗಸರೋ? ಎದುರು ಪಟ್ಟಿ ಯಾರದು? 'ಗೋಲು ಬಾರಿಸಿದರು' ಎಂಬ ಎರಡು ಪದ ಇಷ್ಟೂ ಪ್ರಶ್ನೆಗಳ ಬಾಯಿ ಮುಚ್ಚಿಸಿದೆ.

'ರೆಫರಿ' ಸಾಲಿನದೂ ಅದೇ ಪಾಡು. ವಾವುವಾ ಇರುವುದು ದಾಲೊವಾ ಪಟ್ಟಣದ ಉತ್ತರಕ್ಕೆ, ಕೋಕೊ ಬೆಳೆಯುವ ಸೀಮೆಯಲ್ಲಿ. 2002ರಲ್ಲಿ ದಂಗೆಯೆದ್ದು ದೇಶ ಎರಡು ಹೋಳಾದಾಗ ಆ ಊರು ಬಂಡುಕೋರರ ಕೈಯಲ್ಲಿತ್ತು. ಅಲ್ಲಿಯ ಮತದಾರ ಸೀಟಿ ಹಿಡಿದು ಅಂಚಿನಲ್ಲಿ ನಿಂತವನಲ್ಲ. ಯಾರ ಜಮೀನು ಯಾರದಾಯಿತು, ಯಾರು ಊರು ಬಿಟ್ಟರು ಅನ್ನುವುದನ್ನೆಲ್ಲ ಕಣ್ಣಾರೆ ಕಂಡವನು. ಅವನನ್ನು ರೆಫರಿ ಅಂದಾಗ ನಿಮ್ಮ ಲೇಖನದಿಂದ ಆ ಊರೇ ಮಾಯವಾಗುತ್ತದೆ.

ಗೆದ್ದ ಮೇಲಿನದಕ್ಕೆ 'ಊರಿನ ನಾಯಕನ ತೋಳುಪಟ್ಟಿ ಧರಿಸಿದರು' ಅಂದಿದ್ದೀರಿ. ಅಲ್ಲಿಯ ಮೇಯರ್ ಧರಿಸುವುದು ಕಿತ್ತಳೆ, ಬಿಳಿ, ಹಸಿರಿನ ಅಡ್ಡಪಟ್ಟಿ. ಅದನ್ನು ಹಾಕಿಕೊಂಡು ಮದುವೆ ಮಾಡಿಸುತ್ತಾನೆ. ಜನನ ಮರಣ ನೋಂದಣಿ, ಮಾರುಕಟ್ಟೆಯ ಸುಂಕ, ಕಸ, ಚರಂಡಿ ಅವನ ಪಾಲಿನ ಕೆಲಸ. ಸರ್ಕಾರ ನೇಮಿಸಿದ, ನಮ್ಮ ಜಿಲ್ಲಾಧಿಕಾರಿಯಂಥ ಪ್ರಿಫೆಕ್ಟ್ ಬೇರೆ ಇರುತ್ತಾನೆ, ಪುರಸಭೆಯ ಮೇಲೆ ಸರ್ಕಾರದ ಕಣ್ಣೂ ಇರುತ್ತದೆ. ಹಾಗಾಗಿ ಆ ಸಾಲಿಗೆ ಬದಲು ಹೀಗೆ ಬರೆಯಬಹುದು: 'ಫೈನಲ್‌ಗಳಲ್ಲಿ ಗೋಲು ಹೊಡೆದ ಆಟಗಾರನ ಮೇಜಿಗೆ ಈಗ ಜನನ ಪತ್ರಗಳು ಸಹಿಗೆ ಬರುತ್ತವೆ.' ಇದರಲ್ಲಿ ಅಲಂಕಾರವಿಲ್ಲ, ಆದರೆ ಮನುಷ್ಯ ಕಾಣುತ್ತಾನೆ.

ಒಂದು ಮಾತು ಫುಟ್‌ಬಾಲ್ ಆಡಿ ಆಮೇಲೆ ಲೈಬೀರಿಯಾದ ಅಧ್ಯಕ್ಷನಾದ ಜಾರ್ಜ್ ವಿಯಾ ಬಗ್ಗೆ. 'ಲೈಬೀರಿಯಾದ ವಿಯಾನಂತೆಯೇ ಜನಪ್ರಿಯತೆ ಮತವಾಗಿ ಹರಿಯಿತು' ಎಂಬ ಸಾಲನ್ನು ತೆಗೆಯಿರಿ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿಓರ್ ಪ್ರಶಸ್ತಿಯನ್ನು 1995ರಲ್ಲಿ ಗೆದ್ದವನಿಗೂ ಅದು ಹಾಗೆ ಹರಿಯಲಿಲ್ಲ. 2005ರ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಿನಲ್ಲಿ ಮುಂದಿದ್ದು ಎರಡನೇ ಸುತ್ತಿನಲ್ಲಿ ಎಲೆನ್ ಜಾನ್ಸನ್ ಸರ್ಲೀಫ್ ಎದುರು ಸೋತ. 2011ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಾಗಲೂ ಸೋಲು. 2014ರಲ್ಲಿ ಅಧ್ಯಕ್ಷೆ ಸರ್ಲೀಫ್‌ ಅವರ ಮಗನನ್ನೇ ಸೋಲಿಸಿ ಸೆನೆಟರ್ ಆದ. ಅಧ್ಯಕ್ಷನಾದದ್ದು 2017ರ ಚುನಾವಣೆ ಗೆದ್ದು, 2023ರಲ್ಲಿ ಅದನ್ನೂ ಕಳೆದುಕೊಂಡ. ದೇಶದ ಚುನಾವಣೆಯನ್ನು ಪುರಸಭೆಯ ಚುನಾವಣೆಯ ಪಕ್ಕ ಇಡುವುದಾದರೆ ಈ ಹನ್ನೆರಡು ವರ್ಷಗಳ ಅಲೆದಾಟವನ್ನೂ ಇಡಿ, ಇಲ್ಲವಾದರೆ ಎರಡನ್ನೂ ಬಿಡಿ.

ಎಂಟನೇ ಪುಟವನ್ನು ಎರಡು ಅಂಕಣದ ಹಾಳೆಯ ಜೊತೆ ತಿದ್ದಿ ಕಳಿಸಿ. ಹನ್ನೊಂದನೆಯದನ್ನು ಚೆಂಡು, ಗೋಲು, ಸೀಟಿ ಒಂದೂ ಇಲ್ಲದೆ ಹೊಸದಾಗಿ ಬರೆಯಿರಿ. ಇವೆರಡು ಬರುವ ತನಕ ಉಳಿದ ಹನ್ನೆರಡು ಪುಟಗಳನ್ನು ಮುಟ್ಟಬೇಡಿ.