ಇಳಿಜಾರಿನ್ಯಾಗ ಬ್ರೇಕ್ ಮೆತ್ತಗಾದ್ರ

ಪ್ರಶ್ನೆ: ಸರ್, ಬಿಸಿಲಾಗ ಸಂಡೂರಿನ ಕುಮಾರಸ್ವಾಮಿ ಬೆಟ್ಟಕ್ಕ ಮನಿಮಂದಿನ್ನೆಲ್ಲಾ ಕಾರ್‌ನ್ಯಾಗ ಕರ್ಕೊಂಡು ಹೋಗಿದ್ದೆ. ಇಳಿಯೋವಾಗ ಬ್ರೇಕ್ ಪೆಡಲ್ ಮೆತ್ತಗಾಗಿ ಒಳಗ ಹೋಗಾಕ ಹತ್ತಿತು, ಎರಡ್ಮೂರು ಸಲ ಒತ್ತಿದ ಮ್ಯಾಲ ಹಿಡೀತು. ಮರುದಿನ ಮುಂಜಾನೆ ನೋಡಿದ್ರ ಎಲ್ಲಾ ಸರಿ ಐತಿ. ಪ್ಯಾಡ್ ಹೊಸಾವು, ಆಯಿಲ್ ಲೆವೆಲ್ಲೂ ಇಳಿದಿಲ್ಲ. ಹಿಂಗ ಓಡಿಸಬಹುದೇನ್ರಿ?
- ಓದುಗರು, ಗಂಗಾವತಿ

ಉತ್ತರ: ಬ್ಯಾಡ್ರಿ. ಮುಂಜಾನೆ ಸರಿ ಆತಂತ ಬಿಟ್ಟುಬಿಡೋದೇ ಇದ್ರಾಗ ದೊಡ್ಡ ಅಪಾಯ. ನೀವು ಹೇಳಿದ್ದು ನೋಡಿದ್ರ ಬ್ರೇಕ್ ಆಯಿಲ್ ಹಳೇದಾಗಿ ಕುದ್ದಿರೋ ಹಂಗ ಕಾಣ್ತದ. ಈ ಆಯಿಲ್ ಗಾಳಿಯಾಗಿನ ತೇವಾ ಹೀರ್ಕೊಂತದ, ರಬ್ಬರ್ ಹೋಸ್‌ಗಳ ಮೂಲಕಾನೂ ನಿಧಾನಕ್ಕ ತೇವಾ ಒಳಗ ಸೇರ್ತದ. ಹೊಸಾ ಡಾಟ್ 3 (ಡಾಟ್ ಅಂದ್ರ ಬ್ರೇಕ್ ಆಯಿಲ್‌ನ ದರ್ಜೆ) ಆಯಿಲ್ ಕಮ್ಮಿ ಅಂದ್ರೂ 205 ಡಿಗ್ರಿ ತನಕ ಕುದಿಯಂಗಿಲ್ಲ, ಅದರಾಗ ಶೇಕಡಾ 3.7ರಷ್ಟು ನೀರು ಸೇರಿದ್ರ ಆ ಮಿತಿ 140ಕ್ಕ ಇಳೀತದ, ಡಾಟ್ 4 ಆದ್ರ 230 ಇದ್ದಿದ್ದು 155 ಆಗ್ತದ. ಘಾಟ್‌ನ್ಯಾಗ ಬ್ರೇಕ್ ಮ್ಯಾಲಿನ ಕಾಲು ತಗೀದ ಇಳಿದ್ರ ಕ್ಯಾಲಿಪರ್ (ಗಾಲಿಯಾಗ ಪ್ಯಾಡ್ ಒತ್ತೋ ಭಾಗ) ಕಾದು ಆಯಿಲ್ ಕುದ್ದು ಆವಿ ಗುಳ್ಳಿ ಏಳ್ತಾವು, ಆಯಿಲ್ ಅದುಮಿದ್ರ ಕುಗ್ಗಂಗಿಲ್ಲ ಆದ್ರ ಆವಿ ಕುಗ್ತದ, ಅದಕ್ಕ ಪೆಡಲ್ ಒಳಗ ಹೋಗೋದು. ಆರಿದ ಮ್ಯಾಲ ಆವಿ ಮತ್ತ ಆಯಿಲ್ ಆಗ್ತದ, ಪೆಡಲ್ ಗಟ್ಟಿ ಆಗ್ತದ, ಆದ್ರ ನೀರು ಅಲ್ಲೇ ಇರ್ತದ.

ಮ್ಯಾಲ ಒಂದೀಟು ಸುರಿದ್ರ ನಡೆಯಂಗಿಲ್ಲ, ಪೂರ್ತಿ ಬದಲಿ ಮಾಡಸ್ರಿ. ಬಹಳಷ್ಟು ಕಾರಿಗೆ ಎರಡು ವರ್ಷಕ್ಕೊಮ್ಮೆ ಅಂತಾರ, ನಿಮ್ಮ ಪುಸ್ತಕದಾಗ ನೋಡ್ರಿ. ಯಾವ ಡಾಟ್ ಅಂತ ಗಾಡಿಯಾಗಿನ ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳದ ಮ್ಯಾಲೇ ಬರ್ದಿರ್ತದ. ಸೀಲ್ ಒಡೀದ ಡಬ್ಬಿ ನಿಮ್ಮ ಕಣ್ಮುಂದ ಒಡಸ್ರಿ, ಗ್ಯಾರೇಜಿನ್ಯಾಗ ಅರ್ಧ ಉಳಿದು ಕುಂತಿದ್ದು ಬ್ಯಾಡ. ನಾಲ್ಕೂ ಗಾಲಿಯಾಗ ನಿಪ್ಪಲ್ (ಗಾಳಿ ಬಿಡೋ ಸಣ್ಣ ಸ್ಕ್ರೂ) ಸಡಿಲಿಸಿ ಏರ್ ತಗಿಯೋವಾಗ ಗಾಡಿಯಾಗಿನ ಮ್ಯಾಲಿನ ಡಬ್ಬಿ ಖಾಲಿ ಆಗಬಾರದು, ಖಾಲಿ ಆದ್ರ ಮತ್ತ ಗಾಳಿ ಹೊಕ್ಕೊಂತದ. ಎಂಜಿನ್ ಆಯಿಲ್ ಮಾತ್ರ ತಪ್ಪಿನೂ ಹಾಕಬ್ಯಾಡ್ರಿ, ಸೀಲ್‌ಗಳು ಉಬ್ಬಿ ಪೂರಾ ಬ್ರೇಕೇ ಹಾಳಾಗ್ತದ. ಪೇಂಟಿಗೆ ಬಿದ್ರ ಕೂಡಲೇ ನೀರು ಹಾಕಿ ತೊಳೀರಿ.

ಇಷ್ಟಾದ್ರೂ ಗಾಡಿ ತಣ್ಣಗಿದ್ದಾಗನೂ ಪೆಡಲ್ ಮೆತ್ತಗ ಇದ್ರ ಲೈನ್‌ನ್ಯಾಗ ಗಾಳಿ ಉಳಿದಿರಬಹುದು, ಇಲ್ಲಾ ಹಳೇ ಹೋಸ್ ಉಬ್ಬುತಿರಬಹುದು. ಒತ್ತಿ ಹಿಡಿದಾಗ ಪೆಡಲ್ ನಿಧಾನಕ್ಕ ಕೆಳಗ ಇಳೀತಾ ಹೋದ್ರ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ತಳ್ಳೋ ಪಂಪ್) ಸೀಲ್ ಹೋಗೈತಿ ಇಲ್ಲಾ ಎಲ್ಲೋ ಸೋರಾಕತ್ತೈತಿ, ಆಗ ಗಾಡಿ ಓಡಿಸಬ್ಯಾಡ್ರಿ, ಟೋ ಮಾಡಸ್ರಿ.

ಇನ್ನ ಮುಂದ ಬೆಟ್ಟ ಇಳಿಯೋವಾಗ ಹತ್ತಿದ ಗೇರ್‌ನ್ಯಾಗೇ, ಅಂದ್ರ ಸೆಕೆಂಡ್‌ನ್ಯಾಗ ಇಳೀರಿ, ಪೆಟ್ರೋಲ್ ಉಳೀತದಂತ ನ್ಯೂಟ್ರಲ್ ಮಾಡಿ ಎಂಜಿನ್ ಬಂದ್ ಮಾಡಬ್ಯಾಡ್ರಿ, ಪೆಡಲ್ ಹಗುರ ಮಾಡೋ ಬೂಸ್ಟರ್‌ಗೆ ಎಂಜಿನ್‌ನಿಂದ ಬರೋ ವ್ಯಾಕ್ಯೂಮ್ ಸಿಗದ ಪೆಡಲ್ ಕಲ್ಲಾಗ್ತದ.